ಯಾರೂ ಹಾಡುತ್ತಿರಲಿಲ್ಲ

ಯಜಮಾನರ ಮೊಮ್ಮಗಳು ನನ್ನನ್ನು ಹುಡುಕಿಕೊಂಡು ಬಂದಾಗ ನಾನು ನೆಲದ ಮೇಲೆ ಕಾಲು ಚಾಚಿ ಕೂತು ಬಟಾಣಿ ಬಿಡಿಸುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು ‘ಅಜ್ಜೀ’ ಎಂದಳು. ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಅಜ್ಜಿ ಬಂದು ನಿಂತಿದ್ದಾಳೋ ಎಂದು. ಅವಳ ತಾತನ ಪ್ರೆಸ್ಸಿನಲ್ಲಿ ನಾನು ಇಪ್ಪತ್ತಾರು ವರ್ಷ ದುಡಿದವಳು. ಆ ಮನೆಯವರ ಬಾಯಲ್ಲಿ ನನ್ನ ಹೆಸರು ‘ಏ ಇವಳೇ’. ಅವಸರವಿದ್ದರೆ ಬರೀ ‘ಏ’. ಈಗ ಒಂದೇ ಏಟಿಗೆ ಅಜ್ಜಿಯಾದೆ. ವಯಸ್ಸಾಗುವುದರಲ್ಲೂ ಲಾಭವಿದೆ.

ಕೂರಲು ಕುರ್ಚಿ ಹುಡುಕಿದಳು. ನಮ್ಮ ಮನೆಯಲ್ಲಿ ಇರುವುದು ಒಂದೇ ಕುರ್ಚಿ, ಅದರ ಮೇಲೆ ಒಗೆದ ಬಟ್ಟೆ ಕೂತಿತ್ತು. ಟ್ರಂಕಿನ ಮೇಲೆ ಕೂತಳು.

‘ತಾತನ ಪ್ರೆಸ್ಸನ್ನ ಮತ್ತೆ ತೆರೀತಾ ಇದೀನಿ ಅಜ್ಜಿ.’

‘ಈಗ ಯಾರಮ್ಮ ಮೊಳೆ ಜೋಡಿಸಿ ಅಚ್ಚು ಹಾಕಿಸ್ತಾರೆ?’

‘ಅಚ್ಚು ಹಾಕೋಕಲ್ಲ, ನೋಡೋಕೆ. ಜನ ಬರ್ತಾರೆ, ಕೂತು ಕಾಫಿ ಕುಡೀತಾರೆ, ಹಳೇ ಕಾಲ ಹೇಗಿತ್ತು ಅಂತ ನೋಡ್ತಾರೆ.’

‘ಹೇಗಿತ್ತಂತೆ?’

ಅವಳ ಕಣ್ಣು ಅರ್ಧ ಮುಚ್ಚಿತು. ‘ಎಷ್ಟು ಚೆನ್ನಾಗಿತ್ತು ಅಲ್ವಾ ಅಜ್ಜಿ! ಒಂದೊಂದೇ ಅಕ್ಷರಾನ ಕೈಯಲ್ಲಿ ಆರಿಸಿ, ನಿಧಾನವಾಗಿ, ಧ್ಯಾನ ಮಾಡೋ ಹಾಗೆ. ಆ ಶಾಯಿ ವಾಸನೆ. ಯಾರಿಗೂ ಗಡಿಬಿಡಿ ಇಲ್ಲ.’

ಒಳಗಿನಿಂದ ನನ್ನ ಮಗಳು ಕೆಮ್ಮಿದಳು. ಅವಳು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿರುವವಳು. ನಾನು ವಾರವಿಡೀ ನಿಂತು ಮಾಡುತ್ತಿದ್ದದ್ದನ್ನು ಅವಳು ಗುಂಡಿ ಒತ್ತಿ ಮಾಡುತ್ತಾಳೆ. ಅವಳ ಬೆನ್ನೂ ನೋಯುತ್ತದೆ, ಅದು ಬೇರೆ ಮಾತು.

‘ನೀವು ಬಂದು ಜನರ ಮುಂದೆ ಮೊಳೆ ಜೋಡಿಸಿ ತೋರಿಸ್ಬೇಕು ಅಜ್ಜಿ. ಆ ಕಾಲದವರು ಅಂತ ಉಳಿದಿರೋದು ನೀವು, ಫೋರ್‌ಮನ್ ತಾತ, ಇಬ್ಬರೇ.’

ಫೋರ್‌ಮನ್ ಇನ್ನೂ ಇದ್ದಾರೆ! ಇಪ್ಪತ್ತಾರು ವರ್ಷ ಆ ಹೆಸರು ಕೇಳಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಈಗಲೂ ಆಯಿತು. ಬಾಯಿಗೆ ಹಾಕಿಕೊಳ್ಳಲು ಹೊರಟಿದ್ದ ಬಟಾಣಿ ಕಾಳನ್ನು ತಟ್ಟೆಗೆ ವಾಪಸು ಹಾಕಿದೆ.

ಹೋಗುವಾಗ ಅವಳು ಒಂದು ಮೇಣದಬತ್ತಿ ಕೊಟ್ಟಳು. ಡಬ್ಬಿಯ ಮೇಲೆ ‘ಹಳೆಯ ಅಚ್ಚುಕೂಟದ ಪರಿಮಳ’ ಎಂದಿತ್ತು. ಮಗಳು ಮೂಸಿ ನೋಡಿದಳು. ‘ಹೂವಿನ ವಾಸನೆ ಬರ್ತಿದೆಯಲ್ಲಮ್ಮ? ನೀನು ಬಂದ್ರೆ ಸೀಮೆಎಣ್ಣೆ ವಾಸನೆ ಬರ್ತಿತ್ತು. ನಾನು ನಿನ್ನ ಪಕ್ಕ ಮಲಗೋಕೇ ಒಲ್ಲೆ ಅಂತಿದ್ದೆ.’

‘ಅಂತಿದ್ದೆ.’

‘ಹೋಗ್ತೀಯಾ?’

‘ಹೋಗಿ ನೋಡ್ಕೊಂಡು ಬರ್ತೀನಿ. ಅಷ್ಟು ಚೆನ್ನಾಗಿತ್ತಂತೆ. ಆಗ ನಾನೇ ಸರಿಯಾಗಿ ನೋಡಿರಲಿಲ್ಲವೇನೋ.’

ಹೋದರೆ ಪ್ರೆಸ್ಸಿನ ಗುರುತೇ ಸಿಗಲಿಲ್ಲ. ಬೋರ್ಡಿನ ಮೇಲೆ ‘ಅಚ್ಚುಕೂಟ’ ಎಂದು ಬರೆಸಿದ್ದಳು. ನಾವು ಯಾವತ್ತೂ ಅಚ್ಚುಕೂಟ ಎಂದವರಲ್ಲ. ಪ್ರೆಸ್ಸು ಎನ್ನುತ್ತಿದ್ದೆವು. ಮನೆಯಲ್ಲಿ, ಹಾಳು ಪ್ರೆಸ್ಸು. ಗೋಡೆಯ ಗಾರೆಯನ್ನು ಬೇಕೆಂದೇ ಅಲ್ಲಲ್ಲಿ ಕೀಳಿಸಿ ಇಟ್ಟಿಗೆ ಕಾಣುವ ಹಾಗೆ ಮಾಡಿಸಿದ್ದಳು. ನಮ್ಮ ಕಾಲದಲ್ಲಿ ಅದು ಯಾರೂ ಹೇಳದೆಯೇ ಕಿತ್ತು ಬರುತ್ತಿತ್ತು, ಕೆಳಗೆ ನಿಂತವರ ತಲೆಯ ಮೇಲೆ. ಹಿತ್ತಲಿನಲ್ಲಿ ನಾವು ಮೊಳೆ ತೊಳೆಯುತ್ತಿದ್ದ ಮೋರಿಗೆ ಹಲಗೆ ಹೊದಿಸಿ, ಮೇಲೆ ಮೆತ್ತನೆಯ ಸೋಫಾ ಹಾಕಿದ್ದರು. ಕೂತು ನೋಡಿದೆ. ಚೆನ್ನಾಗಿತ್ತು. ಇದೊಂದು ಆಗಲೇ ಇದ್ದಿದ್ದರೆ ಎನಿಸಿತು.

ನಾನು ಕೇಳಿದ ಮೊದಲ ಮಾತು, ‘ಇಲ್ಲಿ ಕಕ್ಕಸು ಇದೆಯಾ?’

‘ಮೂರಿದೆ ಅಜ್ಜಿ.’

ಆವತ್ತು ಮೂರಕ್ಕೂ ಹೋಗಿ ಬಂದೆ. ಎರಡಕ್ಕೆ ಅಗತ್ಯವಿರಲಿಲ್ಲ.

ಆ ಕಾಲದಲ್ಲಿ ಒಂದಿತ್ತು. ಅದಕ್ಕೆ ಬೀಗ. ಬೀಗದ ಕೈ ಫೋರ್‌ಮನ್ ಸೊಂಟದಲ್ಲಿ. ನಾವು ಕಾಲುವೆಯಾಚೆಯ ಸಾಲುಮನೆಗಳವರು. ಕಾಲುವೆ ಎಂದರೆ ಕೊಳಚೆ ಕಾಲುವೆ. ಈಚೆಯವರಿಗೆ ನಾವು ಮುಟ್ಟಿದ ಲೋಟ ಆಗುತ್ತಿರಲಿಲ್ಲ. ನಮ್ಮದೊಂದು ತಗಡಿನ ಲೋಟವನ್ನು ಕಿಟಕಿಯ ಸರಳಿಗೆ ಸರಪಳಿ ಹಾಕಿ ಕಟ್ಟಿದ್ದರು, ಕದ್ದೊಯ್ಯುವ ಬಂಗಾರದ ಲೋಟವೇನೋ ಎಂಬ ಹಾಗೆ. ಆ ಕಕ್ಕಸನ್ನು ನಾವು ತೊಳೆಯಬಹುದಿತ್ತು. ಬಳಸುವ ಹಾಗಿರಲಿಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ಹದಿನಾಲ್ಕು ಹೆಂಗಸರು ತಡೆದುಕೊಂಡೇ ಇರುತ್ತಿದ್ದೆವು. ಅದಕ್ಕೇ ನೀರು ಕುಡಿಯುತ್ತಿರಲಿಲ್ಲ. ಬಂಗಾರದ ಲೋಟ ಒಣಗಿಕೊಂಡೇ ಇರುತ್ತಿತ್ತು.

ಫೋರ್‌ಮನ್ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತೇಳಂತೆ. ಒಂದು ಕಾಲಕ್ಕೆ ಬಾಗಿಲು ತುಂಬ ಇದ್ದ ಮನುಷ್ಯ ಈಗ ಕುರ್ಚಿಯ ಮೂಲೆಯಲ್ಲಿ ಹಿಡಿಯಷ್ಟಾಗಿದ್ದರು. ದನಿ ಮಾತ್ರ ಹಾಗೇ ಇತ್ತು.

‘ಏ, ನೀನಾ? ಇನ್ನೂ ಇದೀಯಾ?’

‘ಹೋಗೋಕೆ ನೀವು ರಜೆ ಕೊಡಲಿಲ್ಲವಲ್ಲ ಸಾರ್.’

ನಕ್ಕರು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ನನಗೂ ಇಲ್ಲ. ಆ ಒಂದು ವಿಷಯದಲ್ಲಿ ಪ್ರೆಸ್ಸು ಮೇಲು ಕೀಳು ನೋಡಲಿಲ್ಲ.

‘ಎಂಥ ಕಾಲ ಅದು!’ ಎಂದರು, ನನಗಲ್ಲ, ಮೊಮ್ಮಗಳಿಗೆ ಕೇಳಿಸುವ ಹಾಗೆ. ‘ಎಲ್ಲರೂ ಒಂದೇ ಮನೆಯವರ ಹಾಗೆ ಇದ್ವಿ. ಹಾಡ್ತಾ ಹಾಡ್ತಾ ಕೆಲಸ. ಅಲ್ವೇನೇ?’

‘ಯಾವ ಹಾಡು ಸಾರ್?’

ಯೋಚಿಸಿದರು. ‘ಯಾವುದೋ ಒಂದು. ನೀವೆಲ್ಲ ಹಿತ್ತಲಲ್ಲಿ ಕೂತು ಹಾಡ್ತಿದ್ರಲ್ಲ.’

‘ಅದು ಹಾಡಲ್ಲ ಸಾರ್. ಕೆಮ್ಮು.’

ಮೊಮ್ಮಗಳು ನಕ್ಕಳು. ಅವಳಿಗೆ ನಾವಿಬ್ಬರೂ ತಮಾಷೆಯ ಮುದುಕ ಮುದುಕಿ. ತಾತನ ಕಾಲದ ಒಂದು ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಳು. ಅದರ ಮುಂದೆ ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದಳು. ನಡುವೆ ಯಜಮಾನರು, ಪಕ್ಕದಲ್ಲಿ ಫೋರ್‌ಮನ್, ಸುತ್ತ ಮೊಳೆ ಜೋಡಿಸುವ ಗಂಡಸರು, ಹಿಂದೆ ಬಿಳೀ ಪರದೆ.

‘ನೀವು ಎಲ್ಲಿದೀರಿ ಅಜ್ಜಿ?’

‘ಇಲ್ಲೇ ಇದೀನಲ್ಲ’ ಎಂದು ಪರದೆಯ ಮೇಲಂಚು ತೋರಿಸಿದೆ. ಅಲ್ಲಿ ಸಾಲಾಗಿ ಬೆರಳುಗಳು ಕಾಣುತ್ತಿದ್ದವು. ‘ಗೋಡೆ ಕೊಳಕಾಗಿತ್ತು ಅಂತ ಹಿಂದೆ ಬಟ್ಟೆ ಹಿಡ್ಕೊಂಡು ನಿಲ್ಲೋಕೆ ಹೇಳಿದ್ರು. ಸ್ಟೂಲ್ ಮೇಲೆ ನಿಂತು ಕೈ ಮೇಲೆತ್ತಿ ಹಿಡ್ಕೊಂಡಿದ್ವಿ. ಈ ಎರಡು ಬೆರಳು ನಂದು. ಮೂಲೇಲಿ ಬಟ್ಟೆ ಸ್ವಲ್ಪ ಜೋತಿದೆ ನೋಡು, ಅದನ್ನ ಹಿಡಿದೋಳು ಕುಳ್ಳಿ. ಅವಳಿಗೆ ಎಟುಕಲಿಲ್ಲ.’

‘ಅಯ್ಯೋ, ಎಷ್ಟು ಮುದ್ದಾಗಿದೆ!’ ಎಂದಳು.

ನಾನು ಅವಳನ್ನು ಬೈಯುವುದಿಲ್ಲ. ಕೆಟ್ಟ ಹುಡುಗಿಯಲ್ಲ. ನನಗೆ ಬಿಸಿ ಕಾಫಿ ತಂದುಕೊಟ್ಟಳು, ತಾನು ಕುಡಿಯುವಂಥದೇ ಕಪ್ಪಿನಲ್ಲಿ. ಅದು ಸಣ್ಣ ಮಾತಲ್ಲ.

ಆಮೇಲೆ ನನ್ನನ್ನು ಮೊಳೆಗಳ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಮೊಳೆ ಎಂದರೆ ಗೋಡೆಗೆ ಹೊಡೆಯುವುದಲ್ಲ. ಸೀಸದ ಸಣ್ಣ ಕಡ್ಡಿ, ಅದರ ತುದಿಯಲ್ಲಿ ಒಂದು ಅಕ್ಷರ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಅಂಥವನ್ನು ಒಂದೊಂದಾಗಿ ಆರಿಸಿ ಕೈಯಲ್ಲಿರುವ ಕಬ್ಬಿಣದ ಪಟ್ಟಿಯಲ್ಲಿ ಜೋಡಿಸಬೇಕು. ಜೋಡಿಸಿದ ಸಾಲನ್ನು ತಲೆಕೆಳಗು ಮಾಡಿ ಓದಬೇಕು. ನಾನು ಶಾಲೆಗೆ ಹೋದದ್ದು ಎರಡೇ ವರ್ಷ. ಮಿಕ್ಕ ಅಕ್ಷರವನ್ನೆಲ್ಲ ಕಲಿತದ್ದು ತಲೆಕೆಳಗಾಗಿ, ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೊಳೆ ಉಜ್ಜುತ್ತ.

ಪೆಟ್ಟಿಗೆ ನೋಡದೆಯೇ ಕೈ ಹೋಯಿತು. ‘ಕ’ ಇದ್ದಲ್ಲಿ ‘ಕ’ ಇತ್ತು. ‘ಮ’ ಇದ್ದಲ್ಲಿ ‘ಮ’. ಮೂವತ್ತು ವರ್ಷದ ಮೇಲೂ ಬೆರಳಿಗೆ ದಾರಿ ಗೊತ್ತಿತ್ತು. ಮೊಳೆ ಪಟ್ಟಿಗೆ ತಗಲುವಾಗ ಟಿಕ್ ಎನ್ನುತ್ತದೆ. ಆ ಸದ್ದು ಕೇಳಿ ನನ್ನ ಎದೆ ತುಂಬಿಬಂತು. ನಿಜ ಹೇಳುತ್ತೇನೆ, ನಾನೂ ಬಿದ್ದೆ. ಅರ್ಧ ಗಂಟೆ ನನಗೂ ಆ ಕಾಲ ಬಲು ಚೆನ್ನಾಗಿತ್ತು ಎನಿಸಿಬಿಟ್ಟಿತು. ವಯಸ್ಸು ಇಪ್ಪತ್ತೆರಡಿತ್ತು, ಬಾಯಿ ತುಂಬ ಹಲ್ಲಿತ್ತು, ಪಕ್ಕದಲ್ಲಿ ನಗಿಸಲು ಕುಳ್ಳಿ ಇದ್ದಳು. ಮನುಷ್ಯರಿಗೆ ಬೇಕಾಗಿರುವುದು ಹಳೇ ಕಾಲವಲ್ಲ, ಹಳೇ ಮೊಣಕಾಲು.

ಕುಳ್ಳಿಯ ಬಗ್ಗೆ ಹೇಳಬೇಕು. ಅವಳನ್ನು ನಾವು ಒತ್ತಕ್ಷರ ಎಂದು ಕರೆಯುತ್ತಿದ್ದೆವು. ಅಷ್ಟು ಗಿಡ್ಡ. ಎಲ್ಲಿ ಕೂತರೂ ಯಾರದಾದರೂ ಕಾಲಬುಡದಲ್ಲಿ ಕೂತ ಹಾಗೆ ಕಾಣುತ್ತಿದ್ದಳು. ಅವಳೇ ಆ ಹೆಸರಿಟ್ಟುಕೊಂಡದ್ದು. ‘ನಾನಿಲ್ಲದೆ ನಿಮ್ಮ ಅಕ್ಕ ಅಕ್ಕನಾಗಲ್ಲ, ಅಪ್ಪ ಅಪ್ಪನಾಗಲ್ಲ’ ಎನ್ನುತ್ತಿದ್ದಳು. ನಮ್ಮಿಬ್ಬರದೂ ಮೊಳೆ ತೊಳೆಯುವ ಕೆಲಸ. ಅಚ್ಚಾದ ಮೇಲೆ ಮೊಳೆಗೆ ಮೆತ್ತಿದ ಶಾಯಿಯನ್ನು ಸೀಮೆಎಣ್ಣೆ, ಕಾಸ್ಟಿಕ್ ನೀರು ಹಾಕಿ ಬ್ರಶ್ಶಿನಿಂದ ಉಜ್ಜಿ, ಬಿಡಿಸಿ, ಒಣಗಿಸಿ, ಒಂದೊಂದನ್ನೂ ಅದರದರ ಖಾನೆಗೆ ಹಾಕಬೇಕು. ಕೈಯ ಚರ್ಮ ಸುಲಿಯುತ್ತಿತ್ತು. ಉಗುರು ಬೂದಿಯ ಬಣ್ಣ. ಮಧ್ಯಾಹ್ನ ಅದೇ ಕೈಯಲ್ಲಿ ಊಟ.

ಗಂಡಸರು ಕಡಿಮೆಯಾದಾಗ ಫೋರ್‌ಮನ್ ನಮ್ಮಿಬ್ಬರನ್ನು ಮೊಳೆ ಜೋಡಿಸಲು ಹಚ್ಚುತ್ತಿದ್ದರು. ಚೆನ್ನಾಗಿ ಮಾಡುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು. ಆದರೆ ಹೊರಗಿನವರು ಯಾರಾದರೂ ಬಂದರೆ ತಕ್ಷಣ ಪೊರಕೆ ಹಿಡಿಯಬೇಕು. ಕಾಲುವೆಯಾಚೆಯವರು ಅಕ್ಷರ ಮುಟ್ಟಿದ್ದು ಗೊತ್ತಾದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ. ಅರ್ಧ ಸಾಲು ಜೋಡಿಸಿ, ಬಾಗಿಲ ಗಂಟೆ ಹೊಡೆಯಿತೆಂದು ನೆಲ ಗುಡಿಸಿ, ಅವರು ಹೋದ ಮೇಲೆ ಮಿಕ್ಕರ್ಧ ಸಾಲು. ಆ ನೆಲ ಇಡೀ ಊರಿನಲ್ಲೇ ಹೆಚ್ಚು ಸಲ ಗುಡಿಸಿಸಿಕೊಂಡ ನೆಲವಾಗಿತ್ತು. ಒತ್ತಕ್ಷರ ಪೊರಕೆ ಹಿಡಿದುಕೊಂಡೇ ಪಿಸುಗುಟ್ಟುತ್ತಿದ್ದಳು: ‘ಮೂರನೇ ಸಾಲಲ್ಲಿ ದೀರ್ಘ ಬಿಟ್ಟಿದೀಯ, ಮರೀಬೇಡ.’

ಅವಳು ಮೂರು ಸಲ ಬಸುರಿಯಾದಳು. ಮೂರೂ ನಿಲ್ಲಲಿಲ್ಲ. ನಾಲ್ಕನೆಯದು ಆರು ತಿಂಗಳು ದಾಟಿತು. ಬಸುರಿಗೆ ತಡೆದುಕೊಳ್ಳಲು ಆಗುವುದಿಲ್ಲ. ಒಂದು ದಿನ ಮಧ್ಯಾಹ್ನ ಎದ್ದು ಹೋಗಿ ಫೋರ್‌ಮನ್ನರ ಮುಂದೆ ನಿಂತಳು. ‘ಸಾರ್, ಬೀಗದ ಕೈ.’ ಅವರು ಯಜಮಾನರನ್ನು ಕೇಳಬೇಕು ಎಂದರು. ಯಜಮಾನರು ಗಿರಾಕಿಯ ಜೊತೆ ಮಾತಾಡುತ್ತಿದ್ದರು. ಅವಳು ನಿಂತಳು. ಮಾತು ಮುಗಿಯಲಿಲ್ಲ. ಅವಳು ನಿಂತೇ ಇದ್ದಳು. ಆಮೇಲೆ ನಿಂತಲ್ಲೇ ಆಯಿತು. ಹಿತ್ತಲ ಬಾಗಿಲಿಗೆ ನೇರವಾಗಿ ಕಾಣುವ ನಡುಕೋಣೆಯಲ್ಲಿ, ಅಷ್ಟು ಜನರ ಮುಂದೆ. ಯಾರೋ ನಕ್ಕರು. ಯಜಮಾನರು ಮೂಗು ಮುಚ್ಚಿಕೊಂಡು ಗಿರಾಕಿಯ ಕ್ಷಮೆ ಕೇಳಿದರು. ಗಿರಾಕಿಯ ಕ್ಷಮೆ. ಫೋರ್‌ಮನ್ ಒರೆಸುವ ಬಟ್ಟೆ ತೋರಿಸಿದರು. ಆರು ತಿಂಗಳ ಹೊಟ್ಟೆ ಹೊತ್ತು ಅವಳು ಮಂಡಿಯೂರಿ ತಾನೇ ಒರೆಸಿದಳು.

ನಾನೇನು ಮಾಡಿದೆ? ಮೊಳೆ ತೊಳೆದೆ. ತಲೆ ಎತ್ತಲಿಲ್ಲ. ಹದಿಮೂರು ಹೆಂಗಸರು ತಲೆ ಎತ್ತಲಿಲ್ಲ.

ಮರುದಿನದಿಂದ ಅವಳು ಬರಲಿಲ್ಲ. ಆ ಮಗುವೂ ನಿಲ್ಲಲಿಲ್ಲ. ಹೊಟ್ಟೆ ನುಲಿಯುತ್ತದೆ ಎನ್ನುತ್ತಿದ್ದಳು. ಮಣಿಕಟ್ಟು ಜೋತುಬಿತ್ತು, ತುತ್ತು ಎತ್ತಲಾಗದ ಹಾಗೆ. ಒಂದು ವರ್ಷ ತುಂಬುವ ಮೊದಲೇ ಸತ್ತಳು. ಯಾವುದೋ ಕಾಯಿಲೆ ಎಂದರು.

ಆ ‘ಯಾವುದೋ ಕಾಯಿಲೆ’ಯ ಹೆಸರು ನನಗೆ ಎರಡು ವರ್ಷದ ಮೇಲೆ ಗೊತ್ತಾಯಿತು. ಒಬ್ಬ ಡಾಕ್ಟರು ತಮ್ಮ ಪುಸ್ತಕ ಅಚ್ಚಿಗೆ ಕೊಟ್ಟಿದ್ದರು. ಅದರಲ್ಲಿ ಸೀಸದ ಮೇಲೆ ಒಂದು ಅಧ್ಯಾಯ. ಗಂಡಸರು ಇಬ್ಬರು ರಜೆಯಲ್ಲಿದ್ದರು, ಅದು ನನ್ನ ಪಾಲಿಗೆ ಬಂತು. ಹೊಟ್ಟೆ ನುಲಿ. ಒಸಡಿನ ಮೇಲೆ ನೀಲಿ ಗೆರೆ. ಮಣಿಕಟ್ಟು ಜೋತುಬೀಳುವುದು. ಗರ್ಭ ನಿಲ್ಲದಿರುವುದು. ಒಂದೊಂದೇ ಸೀಸದ ಅಕ್ಷರ ಎತ್ತಿ ಅಷ್ಟನ್ನೂ ನಾನೇ ಜೋಡಿಸಿದೆ, ತಲೆಕೆಳಗಾಗಿ ಓದಿದೆ. ಪ್ರೂಫು ನೋಡಿದವರು ಫೋರ್‌ಮನ್. ‘ಒಂದೂ ತಪ್ಪಿಲ್ಲ’ ಎಂದರು. ಮುಖ ನೋಡಲಿಲ್ಲ.

ಇದನ್ನೆಲ್ಲ ನೆನೆದುಕೊಂಡು ಪೆಟ್ಟಿಗೆಯ ಮುಂದೆ ನಿಂತಿದ್ದಾಗ ಮೊಮ್ಮಗಳು ಒಂದು ಚೀಟಿ ತಂದಳು. ತೆರೆಯುವ ದಿನ ನಾನು ಎಲ್ಲರೆದುರು ಜೋಡಿಸಬೇಕಾದ ಸಾಲುಗಳು. ಜೋಡಿಸಿದ ಮೇಲೆ ಅವಳು ಕೈ ಯಂತ್ರದಲ್ಲಿ ಕಾರ್ಡು ಅಚ್ಚು ಹಾಕಿ ಬಂದವರಿಗೆಲ್ಲ ಒಂದೊಂದು ಕೊಡುವಳಂತೆ. ಆರು ಸಾಲಿತ್ತು. ‘ಇಲ್ಲಿ ಎಲ್ಲರೂ ಒಂದೇ ಮನೆಯವರಂತೆ ಹಾಡುತ್ತಾ ದುಡಿಯುತ್ತಿದ್ದರು. ಕೈಗೆ ಕೆಲಸವಿತ್ತು, ಮನಸ್ಸಿಗೆ ನೆಮ್ಮದಿಯಿತ್ತು. ಆ ಕಾಲ ಮತ್ತೆ ಬಾರದು.’

‘ಕೊನೇ ಮಾತು ಸರಿಯಾಗಿದೆ’ ಎಂದೆ. ‘ಬರದೇ ಇದ್ರೆ ಸಾಕು.’

‘ಅಜ್ಜಿ, ನೀವು ಬಲೇ ತಮಾಷೆ.’

‘ಇಲ್ಲಮ್ಮ, ತಮಾಷೆ ಅಲ್ಲ. ಹಿತ್ತಲಲ್ಲಿ ಮೊಳೆ ತೊಳೆದೋರು ಹದಿನಾಲ್ಕು ಜನ ಇದ್ವಿ. ಅವರದ್ದೊಂದು ಸಾಲು ಹಾಕು. ಒಬ್ಬಳು ಸತ್ತೇ ಹೋದಳು.’

ಅವಳ ಮುಖ ಸಣ್ಣಗಾಯಿತು. ನನ್ನ ಭುಜದ ಮೇಲೆ ಕೈಯಿಟ್ಟಳು. ‘ಪಾಪ. ಆದ್ರೆ ಅಜ್ಜಿ, ಜನ ಖುಷಿಯಾಗಿರೋಕೆ ಬರ್ತಾರೆ. ಬೇಜಾರಿನ ವಿಷಯ ಯಾಕೆ? ಅಲ್ದೆ ಕಾರ್ಡು ಚಿಕ್ಕದು. ಜಾಗ ಇಲ್ಲ.’

ಜಾಗ ಇಲ್ಲ ಎಂಬ ಮಾತನ್ನು ಮೊಳೆ ಜೋಡಿಸುವವರ ಮುಂದೆ ಆಡಬಾರದು.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ‘ಹೋಗಬೇಡ ಬಿಡು’ ಎಂದಳು. ಮೊದಲು ಹಾಗೇ ಅಂದುಕೊಂಡೆ. ಆದರೆ ಹೋಗದಿದ್ದರೆ ಅವಳಿಗೆ ಇನ್ನೊಬ್ಬ ಅಜ್ಜಿ ಸಿಗುತ್ತಾಳೆ. ಮುದುಕಿಯರಿಗೇನು ಬರವೇ? ಆ ಆರು ಸಾಲು ಹೇಗೂ ಅಚ್ಚಾಗುತ್ತದೆ.

ತೆರೆಯುವ ದಿನ ಮಧ್ಯಾಹ್ನ ಹೋದೆ. ನನಗೆ ಹಾಕಿಕೊಳ್ಳಲು ಬಟ್ಟೆ ಹೊಲಿಸಿಟ್ಟಿದ್ದಳು. ಹೊಸ ಬಟ್ಟೆ, ಆದರೆ ಅಲ್ಲಲ್ಲಿ ತೇಪೆ ಹಾಕಿಸಿ, ಬಣ್ಣ ಮಾಸಿದ ಹಾಗೆ ಮಾಡಿಸಿದ್ದು. ನನ್ನ ಹತ್ತಿರ ನಿಜವಾದ ಹಳೇ ಬಟ್ಟೆ ಟ್ರಂಕಿನ ತುಂಬ ಇತ್ತು. ಅದು ಇಷ್ಟು ಚೆನ್ನಾಗಿ ಹಳೆಯದಾಗಿರಲಿಲ್ಲ. ಹಾಕಿಕೊಂಡೆ.

ಅರವತ್ತು ಎಪ್ಪತ್ತು ಜನ ಬಂದಿದ್ದರು. ಮೇಜಿನ ಮೇಲೆ ದೊಡ್ಡ ಕೇಕು. ಫೋರ್‌ಮನ್ನರಿಗೆ ಕೋಟು ಹಾಕಿಸಿ ನನ್ನ ಪಕ್ಕದಲ್ಲೇ ಕುರ್ಚಿ ಕೊಟ್ಟಿದ್ದರು. ಅವರು ನಾಲ್ಕು ಮಾತಾಡಿದರು. ಅದೇ ಒಂದೇ ಮನೆ, ಅದೇ ಹಾಡು. ಚಪ್ಪಾಳೆಯಾಯಿತು. ಎಲ್ಲರೂ ಫೋನು ಎತ್ತಿ ಹಿಡಿದರು. ನಾನು ಪಟ್ಟಿ ಎತ್ತಿಕೊಂಡೆ. ಟಿಕ್. ಟಿಕ್. ಮೊದಲ ಸಾಲಿಗೆ ‘ಆಹಾ’ ಎಂದರು. ಎರಡನೆಯ ಸಾಲಿಗೆ ಫೋನು ಇಳಿಸಿದರು. ಮೂರನೆಯ ಸಾಲಿಗೆ ಕೇಕಿನ ಕಡೆ ಹೋದರು. ಧ್ಯಾನ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ತಿರುಗುಮುರುಗು ಅಕ್ಷರ ಓದಲು ಬರುವವರು ಆ ಕೋಣೆಯಲ್ಲಿ ಇಬ್ಬರೇ ಇದ್ದೆವು. ನಾನು ಜೋಡಿಸುತ್ತಿದ್ದೆ. ಇನ್ನೊಬ್ಬರು ಪಕ್ಕದಲ್ಲಿ ಕೂತಿದ್ದರು.

ಅವರು ಓದಲು ತೊಡಗಿದ್ದು ನನಗೆ ಗೊತ್ತಾಯಿತು. ಓದುವಾಗ ತುಟಿ ಅಲ್ಲಾಡಿಸುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇತ್ತು. ಮೊದಲ ಸಾಲಿಗೆ ತುಟಿ ನಿಧಾನವಾಗಿ ಅಲ್ಲಾಡಿತು. ಎರಡನೆಯ ಸಾಲಿಗೆ ನಿಂತಿತು. ಅದು ನನಗೆ ಕಂಡಿತು. ಆದರೂ ಬಿಡಲಿಲ್ಲ. ಐದನೆಯ ಸಾಲು ಮುಗಿಸಿದೆ. ಅವಳ ಆರು ಸಾಲಿನ ಜಾಗದಲ್ಲಿ ನನ್ನ ಐದು ಕೂತು ಇನ್ನೂ ಜಾಗ ಮಿಕ್ಕಿತ್ತು.

‘ನಿಲ್ಲು’ ಎಂದರು ಫೋರ್‌ಮನ್. ಪಟ್ಟಿಯ ಮೇಲೆ ಕೈಯಿಟ್ಟರು. ‘ತಪ್ಪಿದೆ.’

ಮೊಮ್ಮಗಳು ಕೇಕಿನ ಹತ್ತಿರದಿಂದ ಕೂಗಿದಳು. ‘ಏನಾಯ್ತು ಫೋರ್‌ಮನ್ ತಾತ?’

ಅವರು ನನ್ನ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಹಾಗೆ ನೇರವಾಗಿ ನೋಡಿದ್ದು ನೆನಪಿಲ್ಲ. ಮುಗಿಯಿತು ಅಂದುಕೊಂಡೆ.

‘ಸತ್ತಳು ಅನ್ನೋದಕ್ಕೆ ತ ಒತ್ತು ಬಿಟ್ಟಿದೀಯ’ ಎಂದರು, ನನಗೊಬ್ಬಳಿಗೇ ಕೇಳಿಸುವ ಹಾಗೆ. ಆಮೇಲೆ ತಿರುಗಿ ಜೋರಾಗಿ, ‘ಏನಿಲ್ಲ. ಒಂದು ಒತ್ತು ಬಿಟ್ಟಿದಾಳೆ.’

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಈ ವಯಸ್ಸಿನಲ್ಲೂ ಎಂಥ ಕಣ್ಣು ಎಂದರು. ಅವರು ಕುರ್ಚಿಯಿಂದ ಎದ್ದರು. ಕೆಳಗಿನ ಮೂಲೆಯ ಖಾನೆಯಲ್ಲಿ ತಡಕಾಡಿ ಆ ಸಣ್ಣ ಮೊಳೆಯನ್ನು ತಾವೇ ಹುಡುಕಿ, ಎರಡು ಬೆರಳಲ್ಲಿ ಹಿಡಿದು ಅದರ ಜಾಗದಲ್ಲಿ ಕೂರಿಸಿದರು. ನನ್ನ ಕಣ್ಣು ಮಂಜಾಗಿತ್ತು. ಪೊರೆ ಬಂದಿದೆ ಎಂದೇ ಇಟ್ಟುಕೊಳ್ಳಿ.

ಮೊಮ್ಮಗಳು ಬಂದು ಮೊಳೆಗಳನ್ನು ಯಂತ್ರಕ್ಕೆ ಕೂರಿಸಿದಳು. ತಿಂಗಳಿಂದ ಅಭ್ಯಾಸ ಮಾಡಿದ್ದಳು, ಚೆನ್ನಾಗಿಯೇ ಹಿಡಿ ಎಳೆದಳು. ಕಾರ್ಡಿನ ಕಡೆ ನೋಡಲಿಲ್ಲ, ಫೋನುಗಳ ಕಡೆ ನೋಡಿ ನಗುತ್ತಿದ್ದಳು. ಒಂದು, ಎರಡು, ಹತ್ತು, ಇಪ್ಪತ್ತು. ಅಚ್ಚಾದ ಹಾಗೆ ಜನ ಕೈಯಿಂದ ಕೈಗೆ ದಾಟಿಸಿದರು. ಮೊದಲು ಮೂಸಿ ನೋಡಿದರು. ಆಮೇಲೆ ಬೆರಳಲ್ಲಿ ಸವರಿ ನೋಡಿದರು. ಕೊನೆಗೆ ಒಬ್ಬ ಹೆಂಗಸು ಓದಿದಳು, ಜೋರಾಗಿ. ಅವಳಿಗೂ ಮುಂದೇನು ಬರುತ್ತದೆಂದು ಗೊತ್ತಿರಲಿಲ್ಲ.

‘ಇಲ್ಲಿ ಹದಿನಾಲ್ಕು ಹೆಂಗಸರು ಸೀಸದ ಮೊಳೆ ತೊಳೆದರು. ಕಕ್ಕಸು ಒಂದಿತ್ತು, ಬೀಗ ಹಾಕಿತ್ತು. ಒಬ್ಬ ಬಸುರಿ ಬೀಗದ ಕೈ ಕೇಳಿದಳು, ಕೊಡಲಿಲ್ಲ. ಅವಳು ಸತ್ತಳು. ಯಾರೂ ಹಾಡುತ್ತಿರಲಿಲ್ಲ.’

ಯಾರದೋ ಚಮಚ ತಟ್ಟೆಗೆ ಬಿದ್ದ ಸದ್ದು ಕೇಳಿಸಿತು. ಮೊಮ್ಮಗಳ ಕೈ ಯಂತ್ರದ ಹಿಡಿಯ ಮೇಲೇ ಇತ್ತು.

‘ಅಜ್ಜಿ, ಏನಿದು?’

‘ಕಾರ್ಡಮ್ಮ.’

ಓದಿದ ಹೆಂಗಸು ಫೋರ್‌ಮನ್ನರ ಕಡೆ ತಿರುಗಿದಳು. ‘ಇದು ನಿಜವಾ?’

ಎಲ್ಲರೂ ಅವರನ್ನೇ ನೋಡಿದರು. ಮೊಮ್ಮಗಳು ಎಲ್ಲರಿಗಿಂತ ಹೆಚ್ಚು ಆಸೆಯಿಂದ ನೋಡಿದಳು. ಇಲ್ಲ ಎಂದುಬಿಟ್ಟಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಎಂದಾಗುತ್ತಿತ್ತು, ಕೇಕು ಮುಂದುವರಿಯುತ್ತಿತ್ತು.

‘ಬೀಗದ ಕೈ ನನ್ನ ಹತ್ತಿರ ಇತ್ತು’ ಎಂದರು ಫೋರ್‌ಮನ್. ಅಷ್ಟೇ ಹೇಳಿ ಕೂತರು.

ಜನ ಬೇಗ ಹೋದರು. ಹೋಗುವಾಗ ಕೆಲವರು ನನಗೆ ಕೈ ಮುಗಿದರು, ಕೆಲವರು ಮುಖ ತಿರುಗಿಸಿದರು. ಕಾರ್ಡನ್ನು ಮಾತ್ರ ಯಾರೂ ಬಿಟ್ಟುಹೋಗಲಿಲ್ಲ. ಒಬ್ಬ ಎರಡು ತೆಗೆದುಕೊಂಡ.

ಮೂವರೇ ಉಳಿದೆವು. ಮೊಮ್ಮಗಳ ಕಣ್ಣು ಕೆಂಪಗಾಗಿತ್ತು. ‘ನನಗೆ ಮೊದಲೇ ಹೇಳ್ಬಹುದಿತ್ತಲ್ಲ.’

‘ಹೇಳಿದೆ. ನೀನು ಜಾಗ ಇಲ್ಲ ಅಂದೆ.’

‘ನಾನೇನು ಮಾಡಿದೆ ಅಜ್ಜಿ? ನಾನು ಆಗ ಹುಟ್ಟೇ ಇರಲಿಲ್ಲ!’

‘ಹುಟ್ಟಿರಲಿಲ್ಲ. ಅದಕ್ಕೇ ನಿನಗೆ ಆ ಕಾಲ ಅಷ್ಟು ಚೆನ್ನಾಗಿ ನೆನಪಿದೆ.’

ಸಿಟ್ಟಿನಿಂದ ಯಂತ್ರದ ಕಡೆ ಕೈ ತೋರಿಸಿದಳು. ‘ಇದನ್ನ ತೆಗೀರಿ. ತೊಳೆದು ಖಾನೆಗೆ ಹಾಕಿ.’

ಆ ದನಿ ಅವಳ ತಾತನದು. ಅವಳಿಗೇ ಗೊತ್ತಿಲ್ಲದೆ ಬಂತು. ನನ್ನ ಕಾಲುಗಳು ಆ ಕಡೆ ಹೊರಟೇಬಿಟ್ಟವು. ಕೈ ಬ್ರಶ್ಶಿನತ್ತ ಹೋಯಿತು. ಅಲ್ಲಿಗೇ ನಿಲ್ಲಿಸಿದೆ.

‘ನಾನು ತೊಳೆಯಲ್ಲ’ ಎಂದೆ.

ಇಪ್ಪತ್ತಾರು ವರ್ಷ ಆ ಕಟ್ಟಡದಲ್ಲಿ ಹೂಂ, ಆಯ್ತು, ಬಂದೆ ಎಂದವಳು. ಒಲ್ಲೆ ಎನ್ನುವುದು ಇಷ್ಟು ಸುಲಭವೆಂದು ತಿಳಿದಿರಲಿಲ್ಲ. ಎರಡೇ ಪದ. ಒಂದೂ ದೀರ್ಘ ಬಿಡಲಿಲ್ಲ.

‘ನಾನು ತೊಳೆಯಲ್ಲಮ್ಮ. ಹಾಗೇ ಇಡು. ಇಲ್ಲ, ನಿನಗೆ ಬೇಡ ಅಂದ್ರೆ ನೀನೇ ತೊಳಿ. ಸೀಮೆಎಣ್ಣೆ ಅಲ್ಲಿದೆ.’

ಸೋಫಾದ ಮೇಲೆ ಹೋಗಿ ಕೂತೆ. ಅವಳು ತೋಳು ಮಡಚಿ, ಬ್ರಶ್ಶು ತೆಗೆದುಕೊಂಡು ಉಜ್ಜತೊಡಗಿದಳು. ಅಳುತ್ತ ಉಜ್ಜಿದಳು. ಶಾಯಿ ಮೊಣಕೈಗೆ ಹತ್ತಿತು, ಕೆನ್ನೆಗೆ ಹತ್ತಿತು. ಬ್ರಶ್ಶು ಹಿಡಿಯಲೇ ಬರುತ್ತಿರಲಿಲ್ಲ. ಎರಡು ಸಾಲಾಗುವಷ್ಟರಲ್ಲಿ ಸೊಂಟ ಹಿಡಿದುಕೊಂಡು ನೆಟ್ಟಗಾದಳು. ಫೋರ್‌ಮನ್ ಕುರ್ಚಿಯಿಂದಲೇ ನೋಡುತ್ತಿದ್ದರು.

ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲವೆಂದು ಕಾಣುತ್ತದೆ. ಬ್ರಶ್ಶು ಕೆಳಗಿಟ್ಟು, ಕಣ್ಣೊರೆಸಿಕೊಂಡು, ಮೇಜಿನ ಮೇಲಿದ್ದ ಕೇಕಿನ ತುಂಡನ್ನು ಆ ಬೂದಿ ಬಣ್ಣದ ಬೆರಳಲ್ಲಿ ಎತ್ತಿ ಬಾಯಿಗೆ ಒಯ್ದಳು.

ನಾನು ಯಾವಾಗ ಎದ್ದೆನೋ ತಿಳಿಯದು. ಈ ಮೊಣಕಾಲಿನಲ್ಲಿ ಅಷ್ಟು ಬೇಗ ಹೇಗೆ ಹೋದೆನೋ. ಅವಳ ಕೈ ಮೇಲೆ ಫಟಾರನೆ ಹೊಡೆದೆ. ಕೇಕು ಹಾರಿ ನೆಲಕ್ಕೆ ಬಿತ್ತು.

‘ತಿನ್ನಬೇಡ!’

ಅವಳು ಬೆಚ್ಚಿ ನನ್ನನ್ನೇ ನೋಡಿದಳು. ಯಜಮಾನರ ಮೊಮ್ಮಗಳನ್ನು ಹೊಡೆದಿದ್ದೆ. ನನಗೂ ಭಯವಾಯಿತು.

‘ಯಾಕೆ ಅಜ್ಜಿ?’ ಎಂದಳು, ಸಣ್ಣ ದನಿಯಲ್ಲಿ.

‘ಸೀಸ ಕಣಮ್ಮ. ಕಣ್ಣಿಗೆ ಕಾಣಲ್ಲ. ಉಗುರು ಸಂದೀಲಿ ಕೂತು ಹೊಟ್ಟೆಗೆ ಹೋಗುತ್ತೆ.’

‘ನೀವು ಹಾಗೇ ತಿಂತಿದ್ರಾ?’

‘ಹೂಂ.’

‘ಯಾರೂ ಹೇಳಲಿಲ್ವಾ ನಿಮಗೆ?’

ನಾನು ಫೋರ್‌ಮನ್ನರ ಕಡೆ ನೋಡಲಿಲ್ಲ. ಅವಳ ಮಣಿಕಟ್ಟು ಹಿಡಿದು ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ. ಸೋಪು ಕೊಟ್ಟೆ. ಮೊಣಕೈವರೆಗೂ ಹಚ್ಚು ಎಂದೆ, ಹಚ್ಚಿದಳು. ಬೆರಳ ಸಂದಿ ತಿಕ್ಕು ಎಂದೆ, ತಿಕ್ಕಿದಳು. ಮೂರು ಸಲ ತೊಳೆದು, ಮಗುವಿನ ಹಾಗೆ ಎರಡೂ ಕೈ ಮುಂದೆ ಚಾಚಿ ತೋರಿಸಿದಳು.

ಕನ್ನಡಕ ಹಾಕಿಕೊಂಡು ಹತ್ತೂ ಉಗುರು ನೋಡಿದೆ.

‘ಇನ್ನೊಂದು ಸಲ’ ಎಂದೆ.